ಕೆಂಪು ಬಾಣ ತೋರಿಸದ ಜಾಗ

ಹಿರಿಯರಿಗೆ ಕಂಪ್ಯೂಟರ್ ಕಲಿಸಲು ಹೊರಟ ಸ್ನೇಹಿತರೇ, ಸ್ಕ್ರೀನ್‌ಶಾಟ್ ತೆಗೆದರೆ ಅಂಚು ಕತ್ತರಿಸಿ. ಮುಂಬೈ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಹಿರಿಯರಿಗೆ ಮೇಲ್‌ನಲ್ಲಿ ಫೋಟೊ ಕಳಿಸುವುದನ್ನು ಕಲಿಸಲು ಸಚಿತ್ರ ಕೈಪಿಡಿ ಮಾಡಿ ಹಂಚಿದ್ದೆ. ಒತ್ತಬೇಕಾದ ಕಡೆಗೆಲ್ಲ ದಪ್ಪ ಕೆಂಪು ಬಾಣ ಹಾಕಿದ್ದೆ. ಇವತ್ತು ಬೆಳಿಗ್ಗೆ ಕೆಳಮನೆಯ ಧಾರವಾಡದ ಶಾಂತಾ ಕಾಕು ಲಿಫ್ಟಿನಲ್ಲಿ ಹಿಡಿದರು.

"ಹುಡುಗಿ ನೋಡಾಕತ್ತೀ ಅಂತ ನಮಗ್ಯಾಕ ಹೇಳಲಿಲ್ಲೋ?"

"ನಿಮಗ್ಯಾರ ಹೇಳಿದ್ರೀ?"

"ನಿನ್ನ ಪುಸ್ತಕದಾಗ ಐತಲ್ಲ. ಚಿತ್ರದ ಮ್ಯಾಲ ವಧು-ವರ ಅಂತ ಬರದೈತಿ."

ಸ್ಕ್ರೀನ್‌ಶಾಟ್ ತೆಗೆಯುವಾಗ ನಾನು ಮುಚ್ಚಲು ಮರೆತ ವಧು-ವರ ಜಾಲತಾಣದ ಟ್ಯಾಬ್ ಅದು.

"ಅಲ್ಲಿ ಬಾಣ ಇರಲಿಲ್ಲಲ್ರೀ ಕಾಕು."

"ಅದಕ್ಕ ಬಾಣ ಬ್ಯಾರೆ ಬೇಕೇನು?"

ಸಂಜೆ ಅವರ ಮೊಟ್ಟಮೊದಲ ಮೇಲ್ ಬಂತು. ತಂಗಿಯ ಮಗಳ ಫೋಟೊ, ಜಾತಕ, ಎರಡೂ ಸರಿಯಾಗಿ ಲಗತ್ತಾಗಿವೆ. ಕೈಪಿಡಿಯ ಕೊನೆಯ ಪುಟದಲ್ಲಿ ಕಲಿಸಿದ್ದಂತೆಯೇ ಒಂದು ಪ್ರತಿ ನನ್ನ ಅಮ್ಮನಿಗೂ ಹೋಗಿದೆ.