ಟೀಚರ್ ತಂದ ಎಲೆಗಳು

ಮೊನ್ನೆ ಬೆಳಿಗ್ಗೆ ನರ್ಸರಿಯ ತೊಟ್ಟಿಯಲ್ಲಿ ಹೊಸ ಕೋಕೋಪಿಟ್ ಇಟ್ಟಿಗೆಗಳನ್ನು ನೆನೆಹಾಕಿದ್ದೆ. ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಆ ಇಟ್ಟಿಗೆಗಳು ನೀರು ಕುಡಿದು ಉಬ್ಬುವಾಗ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯ ಹಾಗಿರುತ್ತದೆ, ಆದರೆ ಮಣ್ಣಿನದಲ್ಲ. ಮಳೆಯಲ್ಲಿ ನೆನೆದ ಗೋಣಿಚೀಲ, ಬಹಳ ದಿನ ಮುಚ್ಚಿಟ್ಟ ಖೋಲಿ... ಭಾಲ್ಕಿಯಲ್ಲಿ ನರ್ಸರಿ ಹಾಕಿ ಇಷ್ಟು ವರ್ಷವಾದರೂ ನನಗೆ ಅದು ಒಗ್ಗಿಲ್ಲ. ಮೂಗಿಗೆ ತಾಗಿದ ಕೂಡಲೇ ಬೀದರಿನ ಒಂದು ಮನೆಯ ಹಿಂದಿನ ಖೋಲಿ ಕಣ್ಣಿಗೆ ಬರುತ್ತದೆ. ಅದರ ಬಾಗಿಲಲ್ಲಿ ಟೀಚರ್ ನಿಂತಿರುತ್ತಾರೆ.

ಠಾಣಾ ಕುಶನೂರಿನಲ್ಲಿ ನಾನು ಓದುವಾಗ ಅವರು ನಮಗೆ ವಿಜ್ಞಾನ ಕಲಿಸುತ್ತಿದ್ದರು. ಬೆಳಿಗ್ಗೆ ಬೀದರಿನಿಂದ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವರು. ಎತ್ತರದ ಹೆಂಗಸು, ದನಿ ಮಾತ್ರ ಸಣ್ಣದು. ಹಿಂದಿನ ಬೆಂಚಿಗೆ ಕೇಳಿಸಬೇಕೆಂದರೆ ಇಡೀ ಕ್ಲಾಸು ಉಸಿರು ಹಿಡಿದು ಕೂರಬೇಕಾಗುತ್ತಿತ್ತು. ಎಲೆಯ ಪಾಠ ಬಂದಾಗ ಪುಸ್ತಕ ಮುಚ್ಚಿಸಿ ಹೊರಗೆ ಕರೆದುಕೊಂಡು ಹೋಗಿ, ಬೇವಿನ ಟೊಂಗೆ ಬಗ್ಗಿಸಿ ಎಲೆಯನ್ನು ಬಿಸಿಲಿಗೆ ಹಿಡಿದು ನರ ನೋಡಲು ಹೇಳಿದ್ದರು. ನಮ್ಮದು ಕುರಿ ಸಾಕುವ ಮನೆತನ. ಏಳನೆಯ ಇಯತ್ತೆ ಮುಗಿದ ಮೇಲೆ ಅಪ್ಪ ನನ್ನನ್ನು ಶಾಲೆ ಬಿಡಿಸಿದಾಗ ಟೀಚರ್ ನಮ್ಮ ಕುರಿದೊಡ್ಡಿಯ ತನಕ ನಡೆದು ಬಂದರು. ಅಪ್ಪನ ಜೊತೆ ವಾದ ಮಾಡಲಿಲ್ಲ. ಕಲ್ಲಿನ ಮೇಲೆ ಕುಳಿತು ಕುರಿಗಳ ಬಗ್ಗೆ, ಮಳೆಯ ಬಗ್ಗೆ ಮಾತಾಡುತ್ತಾ ಕಡೆಯ ಬಸ್ಸು ತಪ್ಪಿಸಿಕೊಂಡರು. ಹಾಗಾಗಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ಅವರ ಜೊತೆಗೇ ನಾನು ಶಾಲೆಗೆ ಹೊರಟೆ. ಅಪ್ಪ ತಡೆಯಲಿಲ್ಲ.

ಮುಂದೆ ನಾನು ಕೃಷಿ ಡಿಪ್ಲೊಮಾ ಮಾಡಿದೆ, ಮದುವೆಯಾಗಿ ಭಾಲ್ಕಿಗೆ ಬಂದೆ, ಗಂಡನೂ ನಾನೂ ಸೇರಿ ಟೊಮೆಟೊ, ಮೆಣಸಿನ ಸಸಿ ಬೆಳೆಸುವ ನರ್ಸರಿ ಹಾಕಿದೆವು. ಟೀಚರ್ ರಿಟೈರ್ ಆದ ಸುದ್ದಿ ಬಂತು, ಆಮೇಲೆ ಅವರ ಯಜಮಾನರು ತೀರಿದ ಸುದ್ದಿ. ನಾನು ಹೋಗಿ ಮಾತಾಡಿಸಬೇಕು ಅಂದುಕೊಳ್ಳುವುದರಲ್ಲೇ ವರ್ಷಗಳು ಕಳೆದವು.

ಒಂದು ಚಳಿಗಾಲದ ಮಧ್ಯಾಹ್ನ ಅವರೇ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕಾಲು ಮುಟ್ಟಲು ಬಗ್ಗಿದರೆ ತೋಳು ಹಿಡಿದು ಎತ್ತಿದರು.

"ನಿನ್ನ ನರ್ಸರಿ ಕೋಕೋಪಿಟ್ ಚೀಲ ನಮ್ಮ ಮನಿಗಿ ಬಂದದ. ಮಗ ಆಟೋದವನ ಕಡೆಯಿಂದ ತರಿಸ್ಯಾನ. ಅದರ ಮ್ಯಾಲ ನಿನ್ನ ಹೆಸರು ನೋಡಿ ಬಂದೆ," ಎಂದರು. ಕೈಚೀಲದಿಂದ ಒಂದು ಡಬ್ಬಿ ತೆಗೆದರು. ಒಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ಮೂರು ಎಲೆ. "ಎಲಿ ನೋಡು ತಂಗಿ. ಗಿಡ ಯಾವುದಂತ ಕೇಳಬ್ಯಾಡ."

ಕೇಳುವ ಅಗತ್ಯ ಇರಲಿಲ್ಲ. ಬೆರಳು ಚಾಚಿದ ಅಂಗೈಯಂಥ ಎಲೆ, ಅಂಚಿಗೆ ಗರಗಸದ ಹಲ್ಲು. ತೊಗರಿ ಸಾಲಿನ ನಡುವೆ ಯಾರೋ ಕದ್ದು ಬೆಳೆದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತು ಒಟ್ಟಿದ್ದನ್ನು ಸಣ್ಣವಳಿದ್ದಾಗ ನೋಡಿದ್ದೇನೆ. ಅಡ್ಡಾಡುತ್ತಿದ್ದ ಕೆಲಸದವರಿಗೆ ಕಾಣದಂತೆ ಡಬ್ಬಿಯನ್ನು ಮೇಜಿನ ಕೆಳಗೆ ಹಿಡಿದುಕೊಂಡೆ. ಆದರೂ ಕಣ್ಣು ತನ್ನ ಪಾಡಿಗೆ ತಾನು ರೋಗ ಹುಡುಕುತ್ತಿತ್ತು. ಒಂದರ ತುದಿ ಸುಟ್ಟು ಕಂದಾಗಿ ಮೇಲಕ್ಕೆ ಮುರುಟಿತ್ತು. ಇನ್ನೊಂದರಲ್ಲಿ ನರ ಮಾತ್ರ ಹಸಿರು, ನರಗಳ ನಡುವೆಲ್ಲ ಹಳದಿ. ಮೂರನೆಯದು ತೀರ ಎಳೆಯದು. ತುಕ್ಕಿನಂಥ ಚುಕ್ಕೆ ಬಿದ್ದು ಸೊಟ್ಟ ಬೆಳೆದಿತ್ತು.

"ಕೋಕೋಪಿಟ್ ತೊಳದು ಹಾಕ್ಯಾರೇನ್ರಿ ಟೀಚರ್?"

"ತೊಳೀಬೇಕೇನು?"

ನಾನು ಹೇಳಿದೆ: ತೆಂಗಿನ ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ತೊಳೆಯದೆ ಸಸಿ ಇಟ್ಟರೆ ಬೇರು ಸುಡುತ್ತದೆ. ಸುಣ್ಣದ ಅಂಶವನ್ನೆಲ್ಲ ನಾರು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಎಳೆ ಎಲೆಗೆ ಸಿಗುವುದಿಲ್ಲ. ಗಿಡ ಹಸಿದ ಹಾಗೆ ಕಾಣುತ್ತದೆ. ಹಸಿದಿದೆ ಅಂತ ಜನ ಮತ್ತಷ್ಟು ಗೊಬ್ಬರ ಹಾಕುತ್ತಾರೆ, ಅದು ಮತ್ತಷ್ಟು ಸುಡುತ್ತದೆ. ನನ್ನ ಸಸಿಗಳಲ್ಲೂ ಮೊದಮೊದಲು ಇದೇ ಆಗಿತ್ತು. ಟೀಚರ್ ತುಟಿ ಬಿಗಿಹಿಡಿದು ಕೇಳಿದರು.

"ಟೀಚರ್... ಇದು ಮನ್ಯಾಗ ಇರೋದು ಯಾರಿಗರೆ ಗೊತ್ತಾದ್ರ..."

"ಗೊತ್ತದ ನನಗ. ಜೇಲು." ಡಬ್ಬಿಯ ಮುಚ್ಚಳ ಹಾಕಿದರು. "ಎಲಿ ಹಳದಿ ಆದಾಗಿಂದ ನನ್ನ ಮಗ ಊಟ ಮಾಡವಲ್ಲ."

ಅಷ್ಟು ಹೇಳಿ ಅವರು ಅತ್ತ ತಿರುಗಿ ಮೆಣಸಿನ ಸಸಿಗಳ ಟ್ರೇ ನೋಡುತ್ತ ನಿಂತರು. ಹೋಗಬಾರದು ಅಂತ ನನ್ನ ಬುದ್ಧಿ ಹೇಳುತ್ತಿತ್ತು. ಎರಡು ದಿನ ಬಿಟ್ಟು ಬೀದರಿಗೆ ಹೋದೆ.

ಹಳೆ ಊರಿನ ಓಣಿಯ ಮನೆ. ಮುಂದಿನ ಖೋಲಿಯಲ್ಲಿ ಬುದ್ಧನ ಒಂದು ಸಣ್ಣ ಮೂರ್ತಿ, ಪಕ್ಕದಲ್ಲಿ ಯಜಮಾನರ ಫೋಟೋ. ಹಿಂದಿನ ಖೋಲಿಯ ಬಾಗಿಲನ್ನು ಟೀಚರ್ ಮೆಲ್ಲಗೆ ತಟ್ಟಿದರು. "ಲಗೂನ ಬಾಗಲಾ ಹಾಕ್ರಿ, ಬೆಳಕ ಬರ್ತದ," ಎಂದಿತು ಒಳಗಿನ ದನಿ.

ಕಿಟಕಿಗೆಲ್ಲ ಬೆಳ್ಳಿ ಕಾಗದ ಅಂಟಿಸಿತ್ತು. ಮೇಲಿನಿಂದ ಇಳಿಬಿಟ್ಟ, ಗಿಡ ಬೆಳೆಸುವ ದೀಪ ಇಡೀ ಖೋಲಿಗೆ ನೇರಳೆ ಬಣ್ಣ ಬಳಿದಿತ್ತು. ಅದರಲ್ಲಿ ಟೀಚರ ಬಿಳಿ ಕೂದಲೂ, ನನ್ನ ಕೈಯೂ ಯಾರೋ ಸತ್ತವರದ್ದೆಂಬಂತೆ ಕಂಡವು. ಕಪ್ಪು ಚೀಲಗಳಲ್ಲಿ ಗೇಣುದ್ದದ ಗಿಡಗಳು ತಲೆ ಬಾಗಿಸಿ ನಿಂತಿದ್ದವು. ಅವುಗಳ ಪಕ್ಕದಲ್ಲಿ ನೆಲದ ಮೇಲೆ, ಒಂದು ಕಾಲು ಚಾಚಿಕೊಂಡು, ಟೀಚರ ಮಗ. ಗೋಡೆಯ ಮೊಳೆಗೆ ಒಂದು ಚೌಕಳಿ ಅಂಗಿ ತೂಗುಹಾಕಿತ್ತು. ಫ್ಯಾನಿನ ಗಾಳಿಗೆ ಅದರ ತೋಳು ಆಗಾಗ ಏಳುತ್ತಿತ್ತು. ಕಾಲರಿನ ಬಳಿ ಕಪ್ಪಾದ ಕಲೆ.

ನಾನು ಎಲೆಗಳ ಅಡಿ ನೋಡಿದೆ, ಹುಳ ಇರಲಿಲ್ಲ. ಒಂದು ಚೀಲ ಎತ್ತಿದೆ, ಕಲ್ಲಿನಷ್ಟು ಭಾರ. ಮೆಲ್ಲಗೆ ಬೋರಲು ಹಾಕಿ ಬೇರು ನೋಡಿದರೆ ಬೆಳ್ಳಗಿರಬೇಕಾದದ್ದು ಚಹದ ಬಣ್ಣಕ್ಕೆ ತಿರುಗಿತ್ತು.

"ನೀರು ಭಾಳ ಹಾಕ್ತಿಯೇನಪ್ಪಾ?"

"ಯಾವಾಗ ನೋಡಿದ್ರ ಆವಾಗ ಹಾಕ್ತೇನಿ. ಹಾಕಲಿಲ್ಲಂದ್ರ ಸಾಯ್ತಾವಲ್ಲಕ್ಕಾ."

"ಸಣ್ಣ ಗಿಡ, ದೊಡ್ಡ ಚೀಲ. ಅಷ್ಟು ನೀರು ಕುಡಿಯಂಗಿಲ್ಲ ಅವು. ಸಾಯ್ತಾವಂತ ಅಂಜಿ ಅಂಜಿ ಹಾಕಿದ್ದಕ್ಕೇ ಬೇರಿಗಿ ಉಸಿರು ಕಟ್ಟ್ಯದ."

ಅವನು ನನ್ನ ಮುಖ ನೋಡಿದ. ಆಮೇಲೆ ಗಿಡ ನೋಡಿದ. ಹೆಗಲು ಅಲುಗತೊಡಗಿತು, ದನಿ ಮಾತ್ರ ಹೊರಡಲಿಲ್ಲ.

ಮೆಲ್ಲಮೆಲ್ಲಗೆ ವಿಷಯ ಹೊರಬಂತು. ಖಟಕ ಚಿಂಚೋಳಿಯ ಗೆಳೆಯನೊಬ್ಬ ಇವನ ಜೊತೆ ಓದಿದವನು. ಇಬ್ಬರೂ ಭಾಲ್ಕಿಯಿಂದ ಬೀದರಿಗೆ ಬೈಕಿನ ಮೇಲೆ ಬರುವಾಗ ಲಾರಿ ಬಡಿಯಿತು. ಗಾಡಿ ಹೊಡೆಯುತ್ತಿದ್ದವನು ಇವನು, ಸತ್ತವನು ಹಿಂದೆ ಕುಳಿತ ಗೆಳೆಯ. ಇವನು ಕಾಲಿಗೆ ರಾಡು ಹಾಕಿಸಿಕೊಂಡು ಬಹಳ ದಿನ ದವಾಖಾನೆಯಲ್ಲಿದ್ದ. ಗೆಳೆಯನ ಮಣ್ಣಿಗೆ ಹೋಗಲಾಗಲಿಲ್ಲ. ದವಾಖಾನೆಯವರು ಕೊಟ್ಟ ಬಟ್ಟೆಗಳ ಗಂಟಿನಲ್ಲಿ ಗೆಳೆಯನ ಅಂಗಿಯೂ ಇವನ ಮನೆಗೆ ಬಂತು. ಅದರ ಕಿಸೆಯಲ್ಲಿ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ಬೀಜ.

"ಎಲ್ಲಿಂದ ತಂದಿದ್ದನೋ, ಯಾಕ ತಂದಿದ್ದನೋ, ನನಗ ಹೇಳಿರಲಿಲ್ಲ," ಎಂದ. "ನಾ ಸೇದಂಗಿಲ್ಲಕ್ಕಾ. ಬಿಲ್ಕುಲ್ ಮುಟ್ಟಂಗಿಲ್ಲ. ಅಂವ ಬಿಟ್ಟು ಹೋಗಿದ್ದರಾಗ ಜೀವ ಇರೋದು ಇಷ್ಟೇ."

ಅಂಗಿಯ ತೋಳು ಮತ್ತೆ ಎದ್ದಿತು. ಅಲ್ಲಿ ನಾವು ಮೂವರಲ್ಲ, ನಾಲ್ವರಿದ್ದೇವೆ ಅನಿಸಿತು.

ಆ ದಿನ ನಾನು ಚೀಲಗಳಿಗೆಲ್ಲ ಧಾರಾಳ ನೀರು ಹರಿಸಿ ಉಪ್ಪು ತೊಳೆದೆ. ಪೂರ್ತಿ ಹಗುರಾಗುವ ತನಕ ಮತ್ತೆ ನೀರು ಮುಟ್ಟಿಸಬೇಡ ಅಂದೆ, ದೀಪವನ್ನು ಎತ್ತರಕ್ಕೆ ಕಟ್ಟಿಸಿದೆ. ಹೊರಗೆ ಬಂದ ಮೇಲೆ ಟೀಚರ ಕೈ ಹಿಡಿದುಕೊಂಡೆ.

"ಟೀಚರ್, ಇವು ಬದುಕಿದ್ರ ಹೂವಾಗ್ತಾವ. ಹೂವಾದ್ರ ವಾಸನಿ ಓಣಿತುಂಬ ಹೋಗ್ತದ. ನೀವು, ಅಂವ, ಇಬ್ಬರೂ ಸಿಗಬೀಳ್ತೀರಿ. ಇವನ್ನ ಇಟ್ಟುಕೊಳ್ಳಬ್ಯಾಡ್ರಿ."

"ಇವು ಸತ್ರ, ಗೆಳೆಯನ್ನ ಎರಡನೇ ಸಲ ಕೊಂದೆ ಅಂತಾನ," ಎಂದರು ಟೀಚರ್. "ಡಾಕ್ಟರನ್ನ ಮನಿಗೇ ಕರಕೊಂಡು ಬಂದಿದ್ದೆ. ಅವರಿಗಿ ಬಾಗಲಾನೇ ತೆಗಿಲಿಲ್ಲ."

ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಅವರ ಫೋನು ಬಂತು. "ಇವತ್ತು ಬಾ ತಂಗಿ. ನಾ ಒಬ್ಬಾಕಿ ಆಗಂಗಿಲ್ಲ," ಎಂದರು. ಹೋದರೆ ಮುಂದಿನ ಖೋಲಿಯಲ್ಲಿ ಇನ್ನೊಬ್ಬ ಹೆಂಗಸು ಕುಳಿತಿದ್ದಳು. ಬಿಸಿಲಿಗೆ ಬೆಂದ ಮುಖ, ಕೂಲಿ ಮಾಡಿ ಬಿರಿದ ಕೈ. ಗೆಳೆಯನ ತಾಯಿ. ಟೀಚರ್ ಹಿಂದಿನ ದಿನ ತಾವೇ ಖಟಕ ಚಿಂಚೋಳಿಗೆ ಹೋಗಿ ಆಕೆಯನ್ನು ಕರೆದಿದ್ದರು. ಮಗನಿಗೆ ಹೇಳಿರಲಿಲ್ಲ.

ಬಾಗಿಲು ತೆರೆದಾಗ ಅವನು ಗೋಡೆಗೆ ಒರಗಿ ರೊಟ್ಟಿ ತಿನ್ನುತ್ತಿದ್ದ. ಎರಡು ಗಿಡ ಚೇತರಿಸಿಕೊಂಡಿದ್ದವು, ಉಳಿದವು ಒಣಗಿದ್ದವು. ಆ ಎರಡರ ಹೊಸ ಎಲೆಗಳಲ್ಲಿ ಒಂದೂ ಚುಕ್ಕೆಯಿರಲಿಲ್ಲ. ಬೆರಳು ಬಿಡಿಸಿದಂತೆ ಸಮನಾಗಿ ಹರಡಿಕೊಂಡಿದ್ದವು. ಆಕೆ ಮೊದಲು ಅಂಗಿಯ ಹತ್ತಿರ ಹೋದಳು. ಮೊಳೆಯಿಂದ ತೆಗೆದು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು... ಅವನ ಕೈಯಿಂದ ರೊಟ್ಟಿ ಜಾರಿ ಬಿತ್ತು. ತೆವಳುತ್ತಾ ಬಂದು ಆಕೆಯ ಕಾಲು ಹಿಡಿದುಕೊಂಡ.

"ನಾ ಹೊಡೀಲಿಕತ್ತಿದ್ದೆ ಯವ್ವಾ. ಗಾಡಿ ನಾ ಹೊಡೀಲಿಕತ್ತಿದ್ದೆ."

"ಗೊತ್ತದೋ ಯಪ್ಪಾ," ಎಂದಳು ಆಕೆ. "ಊರ ಮಂದಿ ಎಲ್ಲಾರೂ ಬಂದು ಹೇಳ್ಯಾರ. ಬರದೇ ಉಳಿದಾಂವ ನೀ ಒಬ್ಬನೇ."

ಟೀಚರ್ ಗೋಡೆಯ ಕಡೆ ಮುಖ ಮಾಡಿದರು. ಆಕೆ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎಲೆ ಸವರಿದಳು. "ಇವು ನನ್ನ ಮಗನ ಕಿಸೇದಾಗಿನವೇನು?" ಅವನು ತಲೆಯಾಡಿಸಿದ. "ಛಲೋ ಬೆಳಸೀದಿ," ಎಂದಳು. ಆಮೇಲೆ ಬುಡಕ್ಕೆ ಕೈಹಾಕಿ, ಜೋಳದ ಹೊಲದಲ್ಲಿ ಕಳೆ ಕೀಳುವ ಹಾಗೆ, ಒಂದೇ ಎಳೆತಕ್ಕೆ ಕಿತ್ತಳು.

ಅವನು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಆಕೆ ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದಳು. "ಇದು ನನ್ನ ಮಗ ಅಲ್ಲೋ. ನನ್ನ ಮಗ ಮಣ್ಣಾಗ ಹೋಗ್ಯಾನ. ನೀ ಬಂದಿಲ್ಲ, ನಿನಗ ಗೊತ್ತಿಲ್ಲ," ಎಂದಳು. ಅಳು ಇಳಿದ ಮೇಲೆ ಎರಡನೆಯ ಗಿಡ ತೋರಿಸಿದಳು. "ಇದನ್ನ ನೀ ಕೀಳು." ಕಡೆಗೆ ಅವನೇ ಕಿತ್ತ. ಬೇರಿನ ತುದಿಯಲ್ಲಿ ಹೊಸದಾಗಿ ಬಂದ ಬಿಳಿ ಎಳೆಗಳಿದ್ದವು. ಅದನ್ನು ನೋಡಿದವಳು ನಾನೊಬ್ಬಳೇ ಅನಿಸುತ್ತದೆ.

ಹಿತ್ತಲಲ್ಲಿ ಟೀಚರ್ ಗುದ್ದಲಿ ಹಿಡಿದು ಗುಂಡಿ ತೋಡಿದರು. ನಾನು ಕೇಳಿದರೂ ಗುದ್ದಲಿ ಕೊಡಲಿಲ್ಲ. ಒಣಗಿದವು, ಹಸಿರಿದ್ದವು, ಖಾಲಿ ಪೊಟ್ಟಣ ಎಲ್ಲವನ್ನೂ ಒಳಗಿಟ್ಟೆವು. ಆಕೆ ಒಂದು ಹಿಡಿ ಮಣ್ಣು ತೆಗೆದು ಅವನ ಅಂಗೈಗೆ ಹಾಕಿದಳು. "ಈಗ ಕೊಡು," ಎಂದಳು. ಅವನು ಗೆಳೆಯನಿಗೆ ಮಣ್ಣು ಕೊಟ್ಟದ್ದು ಹಾಗೆ. ಊರುಗೋಲು ಇಲ್ಲದೆ, ಸುಡುವ ಬಿಸಿಲಿನಲ್ಲಿ, ಬರಿಗಾಲಲ್ಲಿ. ಅಪಘಾತದ ಮೇಲೆ ಅವನು ಆಕಾಶದ ಕೆಳಗೆ ನಿಂತದ್ದೂ ಅಂದೇ ಮೊದಲು. ಸಂಜೆ ಆಕೆ ಅಂಗಿಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಅಲ್ಲಿಂದ ಎಲ್ಲವೂ ಸರಿಹೋಯಿತು ಅಂದರೆ ಸುಳ್ಳಾದೀತು. ಅವನು ಮತ್ತೆ ಬಾಗಿಲು ಹಾಕಿಕೊಂಡ ದಿನಗಳಿದ್ದವು. ಆದರೆ ತೆರೆಯುತ್ತಿದ್ದ. ಡಾಕ್ಟರ ಹತ್ತಿರ ಹೋದ, ಗುಳಿಗೆ ತೆಗೆದುಕೊಂಡ. ಈಗ ಬೀದರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಗಾಡಿ ಮುಟ್ಟುವುದಿಲ್ಲ, ಎಷ್ಟು ದೂರವಾದರೂ ಕುಂಟುತ್ತಲೇ ನಡೆಯುತ್ತಾನೆ. ಟೀಚರ್ ಕಿಟಕಿಯ ಬೆಳ್ಳಿ ಕಾಗದ ಹರಿದು ಹಾಕಿದರು, ಖೋಲಿಗೆ ಸುಣ್ಣ ಹೊಡೆಸಿದರು. ಆದರೂ ಅಲ್ಲಿ ಕೂರುತ್ತಿರಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದಾಗ ತೀರ ಸೋತಿದ್ದರು. ಮಗ ಕೆಲಸಕ್ಕೆ ಹೋಗಿದ್ದ. "ಒಂದು ಮಾತು ಖರೆ ಹೇಳು," ಎಂದು ಕೇಳಿದರು. "ಕೀಳದೇ ಬಿಟ್ಟಿದ್ರ ಆ ಎರಡು ಗಿಡ ಬದುಕ್ತಿದ್ದವೇನು?"

ಬಿಳಿ ಬೇರು ನನ್ನ ಕಣ್ಣ ಮುಂದೆ ಬಂತು. "ಬದುಕ್ತಿದ್ದವ್ರಿ ಟೀಚರ್."

"ಹೂಂ..." ಎಂದರು. ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಆ ಮಳೆಗಾಲದಲ್ಲೇ ಹೋಗಿಬಿಟ್ಟರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಹೋದ ವಾರ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಗೆಳೆಯನ ತಾಯಿ ಸಿಕ್ಕಳು. ಬಸ್ಸಿಗೆ ಹೊತ್ತಿತ್ತು. ಇಷ್ಟು ದಿನ ಯಾರನ್ನೂ ಕೇಳದೆ ಉಳಿದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: ಅವತ್ತು ಟೀಚರ್ ನಿಮ್ಮ ಮನಿಗಿ ಬಂದು ಏನಂದ್ರು?

"ಅಂಗಳದಾಗ ನಿಂತರು," ಎಂದಳು ಆಕೆ. "ಚಪ್ಪಲಿ ದೂರ ಬಿಟ್ಟು ಬಂದಿದ್ರು, ಅಷ್ಟು ಬಿಸಲಾಗ. ನಾ ಬೈಬೇಕಂತಲೇ ಎದ್ದಿದ್ದೆ. 'ನಿನ್ನ ಮುಂದ ನಿಂದ್ರಲಿಕ್ಕ ನನಗ ಮುಖ ಇಲ್ಲವ್ವ. ಖರೆ ನನ್ನ ಮಗನೂ ಸಾಯ್ಲಿಕತ್ತಾನ. ನೀ ಬೈದ್ರ ಬದುಕ್ತಾನ, ಬಂದು ಬೈ' ಅಂದ್ರು. ಬೈಲಿಕ್ಕಂತಲೇ ಹೋಗಿದ್ದೆ ನೋಡವ್ವ ನಾ..."

ಬಸ್ಸು ಬಂತು. ಆಕೆ ಗಂಟು ಎತ್ತಿಕೊಂಡು ಹತ್ತಿದಳು, ಕಿಟಕಿಯಿಂದ ಕೈ ಬೀಸಿದಳು. ಧೂಳು ಇಳಿಯುವ ತನಕ ನಾನು ಅಲ್ಲೇ ನಿಂತಿದ್ದೆ. ಆಮೇಲೆ, ಆಕೆಯ ಆ ಕಡೆಯ ಮಾತನ್ನು ಈಗಲೇ ಟೀಚರಿಗೆ ಹೇಳಬೇಕೆಂದು ಫೋನು ತೆಗೆದು ಅವರ ನಂಬರು ಹುಡುಕಿದೆ. ನಂಬರು ಸಿಕ್ಕಿತು. ಆಗ ನೆನಪಾಯಿತು.