ಇಂಗವಲೆಯವರ ಗುದ್ದಲಿ

ಹಿಂದುರಾವ್ ಇಂಗವಲೆ ಕುಸ್ತಿ ಬಿಟ್ಟಿದ್ದ; ಕುಸ್ತಿಯ ಊಟ ಬಿಟ್ಟಿರಲಿಲ್ಲ. ಅವನ ತೊಂದರೆಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಕೊಲ್ಲಾಪುರದ ಪೇಟೆಗಳಲ್ಲಿ ಇದು ಹೊಸ ಸಂಗತಿಯೇನಲ್ಲ. ಹರೆಯದಲ್ಲಿ ಗರಡಿಯಲ್ಲಿ ಬೆವರು ಹರಿಸಿ, ಅದಕ್ಕೆ ತಕ್ಕಂತೆ ಹಾಲು, ತುಪ್ಪ, ಅರೆದ ಬಾದಾಮಿ, ಮಟನ್ ಸಾರು ಉಂಡು ಬೆಳೆದವರು ಸಂಸಾರಕ್ಕೆ ಬಿದ್ದ ಮೇಲೆ ದಂಡ ಬಸ್ಕಿಗಳನ್ನು ಮೆಲ್ಲಗೆ ಕೈಬಿಡುತ್ತಾರೆ. ಹಾಲಿನ ಚೊಂಬು ಮಾತ್ರ ತನ್ನ ಹೊತ್ತಿಗೆ ಬರುತ್ತಲೇ ಇರುತ್ತದೆ. ಹಿಂದುರಾವನಿಗಂತೂ ಹಾಲೇ ಕಸುಬು. ಸಂಜೆಯಾದರೆ ಎಮ್ಮೆಗಳನ್ನು ಹೊಡೆದುಕೊಂಡು ಚೌಕದ ಕಟ್ಟೆಗೆ ಹೋಗಿ, ಗಿರಾಕಿಗಳ ಕಣ್ಣೆದುರೇ ಲೋಟಕ್ಕೆ ಹಾಲು ಕರೆದು, ನೊರೆ ಆರುವ ಮುನ್ನ ಕೈಗೆ ಕೊಡುತ್ತಿದ್ದ. ಕೊನೆಯ ಲೋಟ ಯಾವಾಗಲೂ ಅವನದೇ. ಅದು ಲೋಟಕ್ಕಿಂತ ದೊಡ್ಡದು, ತಂಬಿಗೆ ಅಂದರೂ ನಡೆದೀತು.

ಕಟ್ಟೆಯ ಎದುರಿಗೆ ಚಪ್ಪಲಿ ಅಂಗಡಿ ಇಟ್ಟಿದ್ದ ಸದಬಾ ಪೋವಾರ ಅವನ ಜೊತೆಗೇ ಮಣ್ಣಿಗಿಳಿದು ಬೆಳೆದವನು. ಹಿಂದುರಾವ್ ಮುಕ್ಕಿರಿದು ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂರುವುದನ್ನು ನೋಡಿದಾಗಲೆಲ್ಲ ಅವನು ಅಂಗಡಿಯಿಂದಲೇ ಕೂಗುತ್ತಿದ್ದ.

"ಏ ಪೈಲ್ವಾನ, ಎಮ್ಮಿಗೆ ಮಂಚದ ಮ್ಯಾಲ ಹತ್ತಾಕ ಕಲಿಸು! ನೀ ನಿಂತು ಕರೀಬೌದು."

"ನಿನ್ನ ಚಪ್ಪಲ್ ಹೊಲಿ ನೀ. ನನ್ನ ಹೊಟ್ಟಿ ನನಗ ಭಾರ ಆಗಿಲ್ಲ."

"ನಿನಗ ಆಗಿಲ್ಲಪಾ, ಮೊಣಕಾಲಿಗೆ ಆಗೇತಿ. ಪಾಪ, ಅವಕ್ಕ ಬಾಯಿಲ್ಲ."

ಹಿಂದುರಾವ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಆದರೆ ಆ ವರ್ಷದ ಹನುಮ ಜಯಂತಿಯಂದು ಅವನಿಗೆ ನಗಲಾಗಲಿಲ್ಲ.

ಅವರ ಓಣಿಯ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಹನುಮ ಜಯಂತಿಯ ನಸುಕಿನಲ್ಲಿ ಅಖಾಡಕ್ಕೆ ಹೊಸ ಕೆಮ್ಮಣ್ಣು ಸುರಿದು, ಅರಿಸಿನ, ಎಣ್ಣೆ, ಮಜ್ಜಿಗೆ ಹಾಕುತ್ತಾರೆ. ಆಮೇಲೆ ಇಂಗವಲೆಯವರ ಮನೆಯ ಗಂಡಸು ಮಾರುತಿಗೆ ಕೈಮುಗಿದು, ಗುದ್ದಲಿ ಹಿಡಿದು, ಒಮ್ಮೆಯೂ ಕೆಳಗಿಡದೆ ಆ ಮೂಲೆಯಿಂದ ಈ ಮೂಲೆಯವರೆಗೆ ಇಡೀ ಅಖಾಡ ತಿರುವಿ ಹಾಕಬೇಕು. ಸೂರ್ಯ ಹುಟ್ಟುವ ಹೊತ್ತಿಗೆ ಮಣ್ಣು ಹದವಾಗಿರಬೇಕು. ಅದೇ ಹೊತ್ತಿಗೆ ಮಾರುತಿಯ ತೊಟ್ಟಿಲು ತೂಗುತ್ತಾರೆ. ಹಿಂದುರಾವನ ಅಜ್ಜ ಇದನ್ನು ಮಾಡಿದ್ದ, ಅಪ್ಪ ಮಾಡಿದ್ದ. ಹಿಂದುರಾವನೂ ಪ್ರತಿವರ್ಷ ಮಾಡುತ್ತ ಬಂದಿದ್ದ, ಪ್ರತಿವರ್ಷ ಸ್ವಲ್ಪ ಹೆಚ್ಚು ಏದುಸಿರು ಬಿಡುತ್ತ. ಈ ಸಲ ನಡುವೆಯೇ ನಿಂತುಬಿಟ್ಟ. ಗುದ್ದಲಿಯ ಕಾವಿಗೆ ಆತುಕೊಂಡು ನಿಂತವನಿಗೆ ಮುಂದೆ ಕೈ ಎತ್ತಲಾಗಲಿಲ್ಲ. ಉಳಿದದ್ದನ್ನು ಹುಡುಗರು ಸೇರಿ ಮುಗಿಸಿದರು.

ಪ್ರಸಾದದ ಶುಂಠಿ ಸಕ್ಕರೆ ಕೈಗೆ ಹಾಕುವಾಗ ಗರಡಿಯ ಗುರು ಬಳವಂತ ವಸ್ತಾದ ಮೆಲ್ಲಗೆ ಹೇಳಿದರು.

"ಹಿಂದ್ಯಾ, ಬರೋ ವರ್ಷ ಆಗೂದಿಲ್ಲಂದ್ರ ಈಗ ಹೇಳು. ಪೋವಾರರ ಮನಿಗೆ ಗುದ್ದಲಿ ಕೊಡತೀನಿ. ಮಾರುತಿಗೆ ಮಣ್ಣು ಹದ ಆದ್ರ ಸಾಕು, ಯಾರ ಕೈ ಅಂತ ಅವ ಕೇಳೂದಿಲ್ಲ."

"ಆಗತೈತ್ರಿ ವಸ್ತಾದರ," ಎಂದ ಹಿಂದುರಾವ್. ಆ ಮಧ್ಯಾಹ್ನ ಅವನು ತಟ್ಟೆಯಲ್ಲಿ ಹೋಳಿಗೆ ಬಿಟ್ಟು ಎದ್ದ. ಮದುವೆಯಾದಾಗಿನಿಂದ ಅಕ್ಕಾತಾಯಿ ಅಂಥದ್ದನ್ನು ನೋಡಿರಲಿಲ್ಲ.

ಅಕ್ಕಾತಾಯಿ ಅವನ ಹೆಂಡತಿ. ಮನೆಗೂ ಗರಡಿಗೂ ನಡುವೆ ಒಂದೇ ಗೋಡೆ. ಗರಡಿಯ ಹೊರಜಗುಲಿಯಲ್ಲಿ ಮಾರುತಿಯ ಗುಡಿ. ಅದಕ್ಕೆ ಬೆಳಗಿನ ದೀಪ ಹಚ್ಚುವುದು ಅತ್ತೆಯಿಂದ ಅವಳಿಗೆ ಬಂದ ಕೆಲಸ. ಒಳಗಿನ ಅಖಾಡಕ್ಕೆ ಹೆಂಗಸರು ಇಳಿಯುವುದಿಲ್ಲ, ಅವಳೂ ಇಳಿದವಳಲ್ಲ. ಆದರೆ ಗೋಡೆಯಾಚೆಯ ಸದ್ದುಗಳೆಲ್ಲ ಅವಳಿಗೆ ಗೊತ್ತು. ತೊಡೆ ತಟ್ಟಿದ್ದು ಯಾವುದು, ಬೆನ್ನು ನೆಲಕ್ಕೆ ಬಿದ್ದದ್ದು ಯಾವುದು, ಗುದ್ದಲಿ ಹಸಿ ಮಣ್ಣಿಗೆ ಇಳಿದದ್ದು ಯಾವುದು ಎಂದು ರೊಟ್ಟಿ ಬಡಿಯುತ್ತಲೇ ಹೇಳಬಲ್ಲಳು.

ಮರುದಿನ ಹಿಂದುರಾವ್ ಕೋಳಿಗಿಂತ ಮೊದಲೇ ಎದ್ದ. ಪೆಟ್ಟಿಗೆಯಿಂದ ಹಳೆಯ ಲಂಗೋಟಿ ತೆಗೆದ. ಅದು ಸೊಂಟ ಸುತ್ತಲು ಸಾಲಲಿಲ್ಲ. ಅಕ್ಕಾತಾಯಿ ತುಟಿ ಬಿಗಿಹಿಡಿದುಕೊಂಡು ಒಂದು ತುಂಡು ಬಟ್ಟೆ ಜೋಡಿಸಿ ಹೊಲಿದುಕೊಟ್ಟಳು.

"ನಗಬ್ಯಾಡ."

"ನಾ ಎಲ್ಲಿ ನಕ್ಕೀನ್ರಿ? ದಾರ ಕಚ್ಚಿ ಹರೀಲಿಕ್ಕತ್ತೀನಿ."

ಗರಡಿಗೆ ಹೊರಡುವ ಮುನ್ನ ಅವನು ಬಾದಾಮಿ ಹಾಲು ಕೇಳಿ ಕುಡಿದ. ಬಂದ ಮೇಲೆ ಕುಡಿಯಬಹುದಲ್ಲ ಎಂದರೆ, "ದುಡಿಯೂಕಿಂತ ಮೊದಲ ಶಕ್ತಿ ಬ್ಯಾಡೇನು?" ಎಂದ. ಬಂದ ಮೇಲೂ ಕುಡಿದ. ಹರೆಯದಲ್ಲಿ ಎಷ್ಟು ದಂಡ ಹೊಡೆಯುತ್ತಿದ್ದನೋ ಅಷ್ಟನ್ನೇ ಮೊದಲ ದಿನವೇ ಹೊಡೆಯಲು ಹೋಗಿದ್ದನಂತೆ. ಎರಡನೆಯ ದಿನ ಹಟಕ್ಕೆ ಹೋದ. ಮೂರನೆಯ ದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ಎಮ್ಮೆಗಳ ಪೈಕಿ ಚಂದ್ರಿ ಅನ್ನುವುದು ಅವನ ಕೈಗಲ್ಲದೆ ಸೊರೆ ಬಿಡುತ್ತಿರಲಿಲ್ಲ. ಅಕ್ಕಾತಾಯಿ ಗಂಡನ ಮಾಸಿದ ಅಂಗಿಯನ್ನು ಸೀರೆಯ ಮೇಲೆ ತೊಟ್ಟುಕೊಂಡು, ಅದರ ವಾಸನೆಗೆ ಎಮ್ಮೆಯನ್ನು ನಂಬಿಸಿ, ಕಟ್ಟೆಯಲ್ಲಿ ಹಾಲು ಕರೆದಳು. ಸದಬಾ ಅಂಗಡಿಯಿಂದ ಇಳಿದು ಬಂದು ಕೈಮುಗಿದ.

"ವೈನಿ, ಪೈಲ್ವಾನರು ಸೊರಗ್ಯಾರ ನೋಡ್ರಿ. ಒಂದ ವಾರದಾಗ ಇಷ್ಟು ಸಣ್ಣ ಆದ್ರು!"

"ಹಾಲು ಕುಡದು ಹಾದಿ ಹಿಡೀರಿ ಭಾವೋಜಿ. ಚಂದ್ರಿ ನಗೂ ಸಪ್ಪಳಕ್ಕ ಬೆದರತಾಳ."

ಬೆನ್ನು ನೆಟ್ಟಗಾದ ಮೇಲೆ ಹಿಂದುರಾವ್ ರಂಕಾಳಾ ಕೆರೆಯ ಸುತ್ತ ನಡೆಯುವುದೆಂದು ತೀರ್ಮಾನಿಸಿದ. ಸದಬಾ ಜೊತೆಯಾದ. ಕೆರೆಯ ಏರಿಯ ಮೇಲೆ ಮಿಸಳ್ ಮಾರುವವನೊಬ್ಬನಿದ್ದ. ಮೊದಲು ಅವರು ಕೆರೆ ಸುತ್ತಿ ಮಿಸಳ್ ತಿಂದರು. ಆಮೇಲೆ ಅರ್ಧ ಸುತ್ತಿ ತಿಂದರು. ಕೊನೆಗೆ ಮಿಸಳ್ ತಿನ್ನಲು ಅಲ್ಲಿಯವರೆಗೆ ನಡೆದು ಹೋಗುತ್ತಿದ್ದರು. ಮಳೆಗಾಲ ಹಿಡಿದ ಮೇಲೆ ಅದೂ ನಿಂತಿತು. "ಮನಸ್ಸು ಬರವಲ್ದು," ಅನ್ನುತ್ತಿದ್ದ ಹಿಂದುರಾವ್ ಕಂಬಳಿಯೊಳಗಿಂದ. "ಮನಸ್ಸೊಂದು ಬರಲಿ, ನೋಡಂತಿ."

ಆಷಾಢದ ಒಂದು ಬೆಳಗ್ಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಅಕ್ಕಾತಾಯಿ ಗೋಣಿಚೀಲದ ಗೊಪ್ಪೆ ತಲೆಗೆ ಹಾಕಿಕೊಂಡು, ಎಣ್ಣೆಯ ಡಬ್ಬಿ ಸೆರಗಿನೊಳಗೆ ಹಿಡಿದು ಹೊರಟಿದ್ದಳು. ಅವನು ಹಾಸಿಗೆಯಲ್ಲಿ ಎದ್ದು ಕೂತ.

"ಇಂಥಾ ಮಳ್ಯಾಗೂ ಹೊಂಟೀಯಲ್ಲ. ನಿನಗ ಬ್ಯಾಸರ ಆಗೂದಿಲ್ಲೇನು?"

"ಆಗತೈತಿ."

"ಮತ್ತ?"

"ಮತ್ತೇನ್ರಿ? ಬ್ಯಾಸರಾನೂ ಸಂಗಾಟ ಕರಕೊಂಡು ಹೋಗತೀನಿ. ಅದೂ ಮಾರುತಿ ಮುಂದ ನಿಂದರತೈತಿ, ನಾನೂ ನಿಂದರತೀನಿ. ದೀಪಕ್ಕ ಎಣ್ಣಿ ಬೇಕು, ಬತ್ತಿ ಬೇಕು. ನನ್ನ ಮನಸ್ಸು ಬಂದೈತೋ ಇಲ್ಲೋ ಅಂತ ಅದೇನು ಕೇಳತೈತೇನು?"

ಹೋಗುತ್ತ ಹೋಗುತ್ತ ಅವಳಿಗೆ ತನ್ನ ಮಾತೇ ತಲೆಯಲ್ಲಿ ಉಳಿಯಿತು. ದೀಪ ಹಚ್ಚದಿದ್ದರೆ ಮಾರುತಿ ಕತ್ತಲಲ್ಲಿರುತ್ತಾನೆ ಎಂಬ ಒಂದು ಯೋಚನೆ ಅವಳನ್ನು ದಿನಾ ಎಬ್ಬಿಸುತ್ತಿತ್ತು. ಅವನನ್ನು ಎಬ್ಬಿಸಲು ಏನಿದೆ? ಅವನ ದಂಡಕ್ಕೆ ಕಾದು ಕೂತವರು ಯಾರು?

ಜಗುಲಿಯಲ್ಲಿ ವಸ್ತಾದರು ಬಿಸಿ ಕಷಾಯ ಹಿಡಿದು ಕೂತಿದ್ದರು. ಅಕ್ಕಾತಾಯಿ ದೀಪ ಹಚ್ಚಿ, ಕೈಮುಗಿದು, ಸ್ವಲ್ಪ ಹೊತ್ತು ಅಲ್ಲೇ ನಿಂತಳು.

"ಯಾಕ ಮಗಳ?"

"ಆಬಾ, ಇವರಿಗೆ ಏನಾರ ಒಂದು ಕೆಲಸ ಹಚ್ಚರಿ. ಕಸರತ್ತು ಹೇಳಬ್ಯಾಡ್ರಿ, ಕೆಲಸ ಹೇಳ್ರಿ. ಅವರು ಮಾಡದಿದ್ರ ನಿಮ್ಮ ಗರಡಿಗೆ ತ್ರಾಸ ಆಗೂವಂಥಾದ್ದು."

ಮುದುಕ ಅವಳನ್ನೇ ನೋಡಿ, ಕಷಾಯ ಮುಗಿಸಿ, ಮೀಸೆ ಒರೆಸಿಕೊಂಡರು. "ಕಳಿಸು ಅವನ್ನ," ಎಂದರು.

ಅಂದಿನ ಮಾತುಕತೆಯನ್ನು ಅವಳು ಗೋಡೆಯಾಚೆಯಿಂದಲೇ ಕೇಳಿದಳು.

"ನೋಡು ಹಿಂದ್ಯಾ, ದಂಡ ಹೊಡದಿ ಅಂದ್ರ ಕಾಲ ಮುರೀತೀನಿ. ಬಸ್ಕಿಗೆ ಕುಂತೀ ಅಂದ್ರ ಏಳಾಕ ಬಿಡೂದಿಲ್ಲ. ಮಾರುತಿ ಕಡೆ ಮೂಲಿ ಐತೆಲ್ಲ, ಅಷ್ಟ ನಿಂದು. ದಿನಾ ಹುಡುಗರು ಮಣ್ಣಿಗಿಳಿಯೂದರಾಗ ಅದನ್ನ ಅಗದು ಮೆತ್ತಗ ಮಾಡಿ ಹೋಗು."

"ಬರೇ ಒಂದ ಮೂಲಿ? ವಸ್ತಾದರ, ನಾ ಏನ ಕೂಸೇನ್ರಿ?"

"ಉಳಿದದ್ದು ಹುಡುಗರು ನೋಡಕೋತಾರ. ನಿನ್ನ ಮೂಲಿ ಯಾರೂ ಮುಟ್ಟೂದಿಲ್ಲ. ನೀ ಬರದಿದ್ರ ಗಟ್ಟಿ ಇರಲಿ ಬಿಡು. ಬಿದ್ದವರು ನಿನ್ನ ಹೆಸರಲೆ ಬೀಳತಾರ."

ಕೆಲವು ದಿನ ಹೋದ. ಮೂಲೆ ಸಣ್ಣದು, ಬೆವರು ಬರುವುದರೊಳಗೆ ಮುಗಿಯುತ್ತಿತ್ತು. ಒಂದು ಬೆಳಗ್ಗೆ ಮಳೆಯ ಸದ್ದಿಗೆ ಕಂಬಳಿ ಎಳೆದುಕೊಂಡ. ಅಕ್ಕಾತಾಯಿ ಎಬ್ಬಿಸಲಿಲ್ಲ, ಎಬ್ಬಿಸುವುದಿಲ್ಲವೆಂದು ಅವಳು ಮಾರುತಿಯ ಮುಂದೆ ಹೇಳಿಕೊಂಡಿದ್ದಳು. ಆ ಸಂಜೆ ತಾನಾಜಿ ಎಂಬ ಗರಡಿಯ ಹುಡುಗ ಕಟ್ಟೆಗೆ ಹಾಲಿಗೆ ಬಂದ. ಅವನ ಊದಿದ ಭುಜಕ್ಕೆ ಅರಿಸಿನ ಮೆತ್ತಿತ್ತು.

"ಏನಾತೋ?"

"ಏನಿಲ್ಲ ಕಾಕಾ, ಮಾರುತಿ ಮೂಲ್ಯಾಗ ಬಿದ್ನಿ." ತಾನಾಜಿ ಹಾಲು ಕುಡಿದು, ಬಾಯಿ ಒರೆಸಿಕೊಂಡು, "ನಾಳೆ ಬರತೀರಲ್ಲ?" ಎಂದ.

ಬೈದಿದ್ದರೆ ಹಿಂದುರಾವ್ ತಿರುಗಿ ಬೈಯುತ್ತಿದ್ದ. ಈಗ ತನ್ನ ದೊಡ್ಡ ಲೋಟಕ್ಕೆ ಹಾಲು ಕರೆದು ಅದನ್ನೂ ತಾನಾಜಿಯ ಕೈಗೇ ಕೊಟ್ಟ.

ಆಮೇಲೆ ಅವನು ತಪ್ಪಿಸಲಿಲ್ಲ. ಬೇಸರವಾದ ದಿನ ಗೊಣಗುತ್ತ ಹೋಗುತ್ತಿದ್ದ, ಮೈ ನೊಂದ ದಿನ ನರಳುತ್ತ ಹೋಗುತ್ತಿದ್ದ. "ಇವತ್ತ ಬ್ಯಾಸರ ಭಾಳ ಬಂದೈತಿ, ಕರಕೊಂಡು ಹೊಂಟೀನಿ," ಎಂದು ಬಾಗಿಲಲ್ಲಿ ನಿಂತು ಹೇಳಿ ಹೋಗುವುದು ಅವನ ಚಾಳಿಯಾಯಿತು. ಮೂಲೆ ಬೇಗ ಮುಗಿಯತೊಡಗಿದಾಗ ಪಕ್ಕದ ಮಣ್ಣನ್ನೂ ಸ್ವಲ್ಪ ಮುಟ್ಟಿದ. ಇನ್ನೂ ಸ್ವಲ್ಪ ಮುಟ್ಟಿದ. ವಸ್ತಾದರು ನೋಡಿಯೂ ನೋಡದಂತೆ ಜಪಮಣಿ ತಿರುವುತ್ತ ಕೂತಿದ್ದರು.

ನಾಗರ ಪಂಚಮಿಯ ಬೆಳಗ್ಗೆ ಅಕ್ಕಾತಾಯಿ ಹೂರಣದ ಕಡುಬು ಹಬೆಗಿಟ್ಟು ಹೊರಗೆ ಬಂದರೆ ಗಂಡ ಕಣ್ಣುಜ್ಜುತ್ತ ಗರಡಿಯ ಕಡೆ ಹೊರಟಿದ್ದ.

"ಏನ್ರಿ! ಇವತ್ತ ಪಂಚಮಿ! ನಾ ಮನ್ಯಾಗ ಈಳಗಿ ಸುದ್ದಾ ಮುಟ್ಟಿಲ್ಲ, ನೀವು ಭೂಮಿಗೆ ಕಬ್ಬಿಣ ಹಾಕಾಕ ಹೊಂಟೀರಿ?"

ಅವನು ದಾರಿಯ ನಡುವೆ ನಿಂತ. ಅಂದು ಯಾರೂ ನೆಲ ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ. ಆ ಊರಲ್ಲಿ ಹುಟ್ಟಿದ ಮಗುವಿಗೂ ಅದು ಗೊತ್ತು. "ಕಾಲು ತಾವಾಗೇ ನಡದಾವು," ಎಂದ ಅವನು, ತಪ್ಪು ಮಾಡಿದವನ ಹಾಗೆ. ಮನೆಯಲ್ಲಿ ಕೂರಲೂ ಆಗದೆ ಒಬ್ಬನೇ ಹೋಗಿ ರಂಕಾಳಾ ಕೆರೆಯನ್ನು ಪೂರ್ತಿ ಸುತ್ತಿ ಬಂದ. ಮಿಸಳ್ ತಿಂದಿರಾ ಎಂದು ಅವಳು ಕೇಳಲಿಲ್ಲ. ಕಡುಬಿಗೆ ತೋರಿಸಿದ ಹಸಿವು ನೋಡಿದರೆ ತಿಂದಿರಲಿಲ್ಲ.

ಚಳಿ ಬಂತು, ಹೋಯಿತು. ಅಕ್ಕಾತಾಯಿ ಲಂಗೋಟಿಗೆ ಜೋಡಿಸಿದ್ದ ತುಂಡನ್ನು ಒಂದು ದಿನ ಸದ್ದಿಲ್ಲದೆ ಬಿಚ್ಚಿ ತೆಗೆದಳು. ಸದಬಾನಿಗೆ ಮಾತಿಗೆ ವಿಷಯವೇ ಸಿಗದಂತಾಗಿ, "ಪೈಲ್ವಾನ, ನಿನ್ನ ಹೊಟ್ಟಿ ಯಾರಿಗೆ ಮಾರಿದಿ? ನನಗ ಒಂದ ಮಾತು ಕೇಳಬಾರದಿತ್ತಾ?" ಎಂದು ಕೂಗಿ ಸುಮ್ಮನಾಗುತ್ತಿದ್ದ.

ಹನುಮ ಜಯಂತಿಯ ನಸುಕಿನಲ್ಲಿ ಓಣಿಯೆಲ್ಲ ಗರಡಿಯ ಮುಂದೆ ನೆರೆದಿತ್ತು. ಹೆಂಗಸರು ಜಗುಲಿಯಲ್ಲಿ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದರು. ಅಕ್ಕಾತಾಯಿಯ ಕೈ ಹೂವಿನಲ್ಲಿ, ಕಿವಿ ಒಳಗೆ. ಗುದ್ದಲಿಯ ಸದ್ದು ಶುರುವಾಯಿತು. ಹೊಸ ಮಣ್ಣು ಭಾರವಾಗಿ ಮಗುಚುತ್ತಿತ್ತು. ಕಳೆದ ವರ್ಷ ಸದ್ದು ನಿಂತ ಜಾಗ ಅವಳಿಗೆ ನೆನಪಿತ್ತು. ಅಖಾಡದ ಬದಿಯ ನಡುಗಂಬದ ಹತ್ತಿರ. ಸದ್ದು ಅಲ್ಲಿಗೆ ಬಂದಾಗ ಅವಳು ದಾರ ಎಳೆಯುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಗುದ್ದಲಿ ಬಿತ್ತು. ಎದ್ದಿತು. ಮತ್ತೆ ಬಿತ್ತು. ಕಂಬ ದಾಟಿ ಆಚೆಗೆ ಹೋಯಿತು. ಅವಳು "ಮಾರುತಿರಾಯ" ಎಂದು ಉಸಿರು ಬಿಟ್ಟು ದಾರ ಗಂಟು ಹಾಕಿದಳು.

ಸೂರ್ಯ ಹುಟ್ಟಿದ. ಶಂಖ ಊದಿದರು. ತೊಟ್ಟಿಲು ತೂಗಿದರು. ಒಳಗೆ ಸದ್ದು ಇನ್ನೂ ನಡೆದೇ ಇತ್ತು.

"ಏ ಹಿಂದ್ಯಾ!" ವಸ್ತಾದರು ಕೂಗಿದರು. "ಮುಗದು ಎಷ್ಟೊತ್ತಾತು! ಮತ್ತ ಮೊದಲಿನ ಮೂಲಿಗೆ ಬಂದಿ ನೋಡು. ಇಡೀ ಓಣಿ ಅಗದು ಹಾಕತೀ ಏನು?"

ಜನ ನಕ್ಕರು. ಹಿಂದುರಾವ್ ಬೆವರು ಒರೆಸಿಕೊಂಡು ಹೊರಗೆ ಬಂದಾಗ ಮೈತುಂಬ ಕೆಮ್ಮಣ್ಣು. ಹೆಂಡತಿಯ ಕೈಯಿಂದ ಶುಂಠಿ ಸಕ್ಕರೆ ಈಸಿಕೊಂಡು, "ಬ್ಯಾಸರ ಇವತ್ತ ಬರಲೇ ಇಲ್ಲ ನೋಡು," ಎಂದ.

ಮರುದಿನ ಅವನು ಏಳಲಿಲ್ಲ. ಹಬ್ಬದೂಟ ಉಂಡು, ಹೊಗಳಿಕೆ ಕೇಳಿ, ಗಾಢವಾಗಿ ಮಲಗಿದ್ದ. ಅಕ್ಕಾತಾಯಿ ಒಂದು ಕ್ಷಣ ಅವನ ಪಕ್ಕ ನಿಂತಳು. ಮಾತು ಮಾತೇ, ಎಬ್ಬಿಸಲಿಲ್ಲ. ಇಷ್ಟಕ್ಕೇ ಮುಗಿಯಿತೇನೋ ಎಂದು ಮನಸ್ಸು ಚುರುಕ್ಕೆಂದರೂ ಡಬ್ಬಿ ಹಿಡಿದು ಹೊರಟಳು. ದೀಪ ಹಚ್ಚುವಾಗ ಒಳಗಿನಿಂದ ಗುದ್ದಲಿಯ ಸದ್ದು. ಅವನದಲ್ಲ, ಚುರುಕು ಹೆಚ್ಚು, ಆಳ ಕಡಿಮೆ. ತಾನಾಜಿ ಇರಬೇಕು.

ಅಷ್ಟರಲ್ಲಿ ಕೆದರಿದ ತಲೆಯಲ್ಲಿ ಹಿಂದುರಾವ್ ಓಡಿ ಬಂದು ಬಾಗಿಲಲ್ಲಿ ನಿಂತ.

"ನನ್ನ ಮೂಲಿ ಯಾವ ಮುಟ್ಟಿದವ?"

"ಕಾಕಾ, ನಿನ್ನೆ ಜಯಂತಿ ಆತಲ್ಲ, ಇನ್ನ ನೀವು ಬರೂದಿಲ್ಲಂತ..."

"ಯಾರ ಹೇಳಿದ್ರು? ನಾ ಹೇಳಿದ್ನ್ಯಾ? ತಾ ಆ ಗುದ್ದಲಿ ಇಲ್ಲಿ!"

"ಪೂರ್ತಿ ಮುಗದೈತಿ ಕಾಕಾ."

ಅವನು ಅಗೆದ ಮಣ್ಣನ್ನೇ ಮತ್ತೆ ಕೈಯಾಡಿಸಿ ನೋಡಿ, "ಬರೇ ಮ್ಯಾಲ ಕೆರದಿ," ಎಂದು ಬೈದು, ಮುಖ ಊದಿಸಿಕೊಂಡು ಮನೆಗೆ ಬಂದ. ಚಹಾ ಬೇಡವೆಂದ. ಅಕ್ಕಾತಾಯಿ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಹಳ ದಿನದ ಮೇಲೆ ಅವಳಿಗೆ ಅಷ್ಟು ಹಗುರವೆನಿಸಿತ್ತು.

ಸಂಜೆ ಎಮ್ಮೆ ಕಟ್ಟಿ ಬಂದವನ ಹೆಗಲ ಮೇಲೆ ಗುದ್ದಲಿ ಇತ್ತು. ಮಣ್ಣು ಮೆತ್ತಿದ್ದ ಅದನ್ನು ಹಾಗೇ ಮಂಚದ ತಲೆದೆಸೆಗೆ ಒರಗಿಸಿ ಇಟ್ಟ.

"ಇದೇನ್ರಿ, ಹಾಸಿಗಿ ಹಂತೇಲಿ ಗುದ್ದಲಿ?"

"ವಸ್ತಾದರನ್ನ ಕೇಳೇ ತಂದೀನಿ. ನಿನ್ನ ಎಣ್ಣಿ ಡಬ್ಬಿ ಯಾರ ಕೈಯಾಗರೆ ಕೊಡತೀಯೇನು ನೀ?"

ಅಕ್ಕಾತಾಯಿ ಗೂಡಿನಲ್ಲಿದ್ದ ಎಣ್ಣೆಯ ಡಬ್ಬಿಯನ್ನು ತಂದು ಗುದ್ದಲಿಯ ಬುಡದಲ್ಲೇ ಇಟ್ಟಳು.

ಬೆಳಗಿನ ಜಾವ ಎಚ್ಚರವಾಗಿ ಡಬ್ಬಿಗೆ ತಡವಿದರೆ ಪಕ್ಕದಲ್ಲಿ ಗುದ್ದಲಿ ಇರಲಿಲ್ಲ. ಹೊಸಿಲವರೆಗೆ ಕೆಮ್ಮಣ್ಣಿನ ಪುಡಿ ಚೆಲ್ಲಿತ್ತು. "ನಿನ್ನೆ ಸಾರಿಸಿದ ನೆಲ," ಎಂದು ಗೊಣಗಿಕೊಂಡು, ತನಗೇ ತಡವಾಯಿತೆಂದು ಸೆರಗು ಸರಿಮಾಡಿಕೊಳ್ಳುತ್ತ ಅವಳು ಅವಸರದಿಂದ ಹೊರಟಳು.