ನಕ್ಷತ್ರಕ್ಕೆ ಹಿಡಿದ ಗ್ರಹಣ

ದೆವ್ವ, ಭೂತ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಗ್ರಹಣ ಹಿಡಿದು ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮಂಡಕ್ಕಿ ತಿಂದು ತೋರಿಸಿದವನು. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ, ರಜೆಯಲ್ಲಿ ಊರೂರು ತಿರುಗಿ ಮೂಢನಂಬಿಕೆಯ ವಿರುದ್ಧ ಭಾಷಣ. ಹಾಗಾಗಿ ಈಗ ಹೇಳುವುದನ್ನು ಓದಿ ನಗುವುದಿದ್ದರೆ ನಗಿ. ನಾನು ಮಾತು ಬದಲಿಸುವುದಿಲ್ಲ.

ತೊಂಬತ್ತೊಂಬತ್ತರ ಕೊನೆ. ದೂರದ ಒಂದು ನಕ್ಷತ್ರದ ಮುಂದೆ ಅದರದೇ ಗ್ರಹ ಹಾದುಹೋಗುವುದನ್ನು ವಿಜ್ಞಾನಿಗಳು ಮೊದಲ ಸಲ ಹಿಡಿದಿದ್ದರು. ನಕ್ಷತ್ರ ತುಸು ಓಲಾಡುತ್ತಿದ್ದುದರಿಂದ ಗ್ರಹ ಇರಬೇಕೆಂಬ ಅಂದಾಜಿತ್ತು. ಬೆಳಕು ಕುಗ್ಗಿದ್ದರಿಂದ ಅದು ಖಾತ್ರಿಯಾಯಿತು, ಗಾತ್ರವೂ ತಿಳಿಯಿತು. ಗುರುಗ್ರಹಕ್ಕಿಂತ ದಪ್ಪ, ತೂಕ ಮಾತ್ರ ಕಡಿಮೆ. ಮಂಡಕ್ಕಿಯ ಹಾಗೆ ಉಬ್ಬಿದ್ದು. ಕುಗ್ಗುವ ಬೆಳಕು ನೂರರಲ್ಲಿ ಎರಡು ಪಾಲೂ ಇಲ್ಲ. ಉಪಕರಣಕ್ಕೆ ಸಿಕ್ಕೀತೇ ಹೊರತು ಕಣ್ಣಿಗೆ ತಿಳಿಯುವಂಥದ್ದಲ್ಲ.

ಆ ನಕ್ಷತ್ರವನ್ನಾದರೂ ನೋಡೋಣವೆಂದು ಸೊರಬದಲ್ಲಿ ಮಾವನ ಮನೆಯ ತಾರಸಿಯ ಮೇಲೆ, ಕತ್ತಲಾಗುತ್ತಲೇ ದೂರದರ್ಶಕ ಇಟ್ಟೆ. ಹೆಂಡತಿ ಹಾಲು ಕಾಯಿಸಿಟ್ಟು ಮೇಲೆ ಬಂದಳು. ಗ್ರಹದ ವಿಷಯ ಅವಳಿಗೆ ಹೇಳಿರಲಿಲ್ಲ. ಸುಮ್ಮನೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ಅಯ್ಯೋ, ಇದಕ್ಕೆ ಗ್ರಹಣ ಹಿಡೀತಲ್ರೀ!" ಎಂದಳು.

ನಗುತ್ತಲೇ ಕಣ್ಣಿಟ್ಟೆ. ನಗು ಅಲ್ಲೇ ನಿಂತಿತು. ಪಕ್ಕದ ಚುಕ್ಕಿಗಳು ಹಾಗೇ ಇದ್ದವು, ಅದೊಂದು ಮಂಕಾಗಿತ್ತು. ಅವಳು ಕೆಳಗೋಡಿ ಹಾಲಿನ ಪಾತ್ರೆಯ ಮೇಲೆ ಗರಿಕೆ ಇಟ್ಟು ಬಂದಳು. ನಾನು ಬೇಡವೆನ್ನಲಿಲ್ಲ.

ಪರಿಚಯದ ಖಗೋಳ ವಿಜ್ಞಾನಿಯೊಬ್ಬರಿಗೆ ಫೋನ್ ಮಾಡಿ ಆ ಸಂಜೆಯ ಹೊತ್ತು ಹೇಳಿದೆ. ಅವರು ಲೆಕ್ಕ ಹಾಕಿ, "ಹೊತ್ತೇನೋ ಸರಿ ಇದೆ ಕಣ್ರೀ, ಆಗ ಗ್ರಹ ಅಡ್ಡ ಇತ್ತು. ಆದ್ರೆ ನಿಮಗೆ ಕಂಡಿರೋಕೆ ಸಾಧ್ಯವೇ ಇಲ್ಲ" ಎಂದರು.

ಜೊತೆಗೆ ಭಾಷಣ ಮಾಡುತ್ತಿದ್ದ ಗೆಳೆಯರು ಇದನ್ನು ಕೇಳಿ ಕೆಂಡವಾದರು. "ನೀವೇ ಹಿಂಗಂದ್ರೆ, ನಾಳೆ ದೆವ್ವ ಕಂಡೆ ಅಂದೋರಿಗೆ ಏನು ಹೇಳೋದ್ರಿ? ಭ್ರಮೆ ಅಂತ ಒಪ್ಕೊಳ್ರಿ, ಇಲ್ಲಾ ವೇದಿಕೆ ಬಿಡ್ರಿ."

ಆ ವೇದಿಕೆಯೆಂದರೆ ನನಗೆ ಪ್ರಾಣ. ಭ್ರಮೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಬ್ಬರಿಗೂ ಒಟ್ಟಿಗೆ, ಅದೂ ಸರಿಯಾದ ಹೊತ್ತಿಗೆ ಬರುವ ಭ್ರಮೆ ಯಾವುದು? ತಿಳಿಯದ್ದಕ್ಕೆ ಒಂದು ಹೆಸರಿಟ್ಟು ಕೈತೊಳೆದುಕೊಳ್ಳಬೇಡಿ ಎಂದು ತಾನೇ ನಾವು ಜನರಿಗೆ ಹೇಳುತ್ತಿದ್ದುದು!

ವೇದಿಕೆ ಬಿಟ್ಟೆ. ಹೇಗೆ ಕಂಡಿತೆಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಕಾಣಲಿಲ್ಲ ಎಂಬ ಮಾತು ಮಾತ್ರ ನನ್ನ ಬಾಯಿಂದ ಬರುವುದಿಲ್ಲ.